ತೂಕ ತಪ್ಪಿದ ಸೌದೆ

ಗಾಳಿಗುಡ್ಡದ ಪಾಳೆಯಗಾರ ಕೆಂಚಪ್ಪನಾಯಕ ಶತ್ರುಗಳಿಗೆ ಅಷ್ಟಾಗಿ ಹೆದರುತ್ತಿರಲಿಲ್ಲ, ಚಳಿಗೆ ಮಾತ್ರ ನಡುಗುತ್ತಿದ್ದ. ಮಾಗಿ ಬಂತೆಂದರೆ ಮೂರು ಕಂಬಳಿ ಹೊದ್ದು, ಅಗ್ಗಿಷ್ಟಿಕೆ ಪಕ್ಕ ಮುದುರಿ ಕೂತೇ ರಾಜ್ಯಭಾರ.

ಆ ಅಗ್ಗಿಷ್ಟಿಕೆಗೆ ಸೌದೆ ಒಡೆದು ಹಾಕುವವನು ಗಾದ್ರಿ. ಬೇಸಿಗೆಯಲ್ಲೇ ಜಾಲಿ, ಬೇವು ಕಡಿದು, ಸೀಳಿ, ಅರಮನೆಗೆ ತಂದು ಒಪ್ಪಿಸುತ್ತಿದ್ದ. ತಕ್ಕಡಿಯ ಒಂದು ತಟ್ಟೆಗೆ ಸೌದೆ, ಇನ್ನೊಂದಕ್ಕೆ ಕಲ್ಲು. ತೂಕ ಸಮವಾದ ಮೇಲೆ ಆ ಕಲ್ಲುಗಳಿಗೆ ಸುಣ್ಣ ಬಳಿದು ಸಾಕ್ಷಿಗೆ ಎತ್ತಿಡುವುದು ಅಲ್ಲಿಯ ಪದ್ಧತಿ.

ಆ ವರ್ಷ ಉಗ್ರಾಣಕ್ಕೆ ಹೊಸದಾಗಿ ಬಂದಿದ್ದ ತಮ್ಮರಸ ಬಲು ಚುರುಕು. ಮಾಗಿಯಲ್ಲಿ ಅಗ್ಗಿಷ್ಟಿಕೆಗೆ ಹಾಕುವ ಮುಂಚೆ ಸೌದೆಯನ್ನು ಅದೇ ಕಲ್ಲುಗಳ ಎದುರು ಇನ್ನೊಮ್ಮೆ ತೂಗಿಸಿದ. ಸೌದೆಯ ತಟ್ಟೆ ಮೇಲೆದ್ದಿತು.

"ಕಳವು," ಅಂದ ತಮ್ಮರಸ.

"ಬುದ್ಧೀ, ಹಸಿ ಸೌದೆ ಒಣಗಿದೆ. ನೀರು ಹೋಗಿದೆ," ಅಂದ ಗಾದ್ರಿ.

"ನೀರಿಗೆ ಕಾಲು ಬಂದು ಕೋಟೆ ಇಳಿದು ಹೋಯಿತೇನೋ? ನನ್ನ ತಕ್ಕಡಿಯಲ್ಲಿ ತೂಗಿದ್ದು ಆಮೇಲೆ ಕಡಿಮೆಯಾದರೆ ಅದು ಕಳವು. ಬೇರೆ ಮಾತಿಲ್ಲ."

ದೂರು ಕೇಳುತ್ತಿದ್ದ ನಾಯಕನಿಗೆ ಚಳಿಯಲ್ಲಿ ಯೋಚನೆ ಮಾಡುವ ಉಮೇದಿರಲಿಲ್ಲ. ಕಂಬಳಿಯೊಳಗಿಂದಲೇ ತೀರ್ಪು ಬಂತು: "ಇವತ್ತಿಂದ ಅದೇ ಕಾನೂನು. ಕಡಿಮೆ ಬಿದ್ದಷ್ಟನ್ನು ಇವನ ಮನೆ ತೊಲೆ ಕಿತ್ತು ತುಂಬಿಸಿಕೊಳ್ಳಿ. ನಾಳೆ ಬೆಳಗ್ಗೆ."

ತೊಲೆ ಕಿತ್ತರೆ ಸೂರು ಉಳಿಯುವುದಿಲ್ಲ. ಮನೆಯಲ್ಲಿ ಹಸಿ ಬಾಣಂತಿ.

ಆಸ್ಥಾನದ ವಿದೂಷಕ ಕಾಟಯ್ಯ ಕಂಬಕ್ಕೆ ಒರಗಿ ಕಡಲೆಕಾಯಿ ಸುಲಿಯುತ್ತಿದ್ದ. ಸೌದೆ ಒಣಗುತ್ತದೆ ಎಂದು ನಾಯಕನಿಗೆ ವಿವರಿಸುವುದೂ ಒಂದೇ, ಕಂಬಕ್ಕೆ ವಿವರಿಸುವುದೂ ಒಂದೇ ಎಂದು ಅವನಿಗೆ ಗೊತ್ತಿತ್ತು. ಸಿಪ್ಪೆ ಊದಿ ಮುಂದೆ ಬಂದ.

"ಪ್ರಭು, ಇಷ್ಟು ದೊಡ್ಡ ಕಳವು ಹಿಡಿದವರನ್ನು ಬರಿಗೈಯಲ್ಲಿ ಕಳಿಸೋದೇ? ಅರಮನೆಯಲ್ಲಿ ಊಟ ಹಾಕಿಸಿ, ಇದೇ ತಕ್ಕಡಿಯಲ್ಲಿ ಕೂರಿಸಿ ಮರ್ಯಾದೆ ಮಾಡಬೇಕು."

ಊಟ ಎಂದಕೂಡಲೇ ತಮ್ಮರಸನ ಮುಖ ಅರಳಿತು.

ಕಾಟಯ್ಯ ತಾನೇ ನಿಂತು ಬಡಿಸಿದ. ಅವರೆಕಾಳಿನ ಸಾರು, ಮುದ್ದೆಯ ಮೇಲೆ ಮುದ್ದೆ, ಸುಟ್ಟ ಗೆಣಸು, ತುಪ್ಪದಲ್ಲಿ ಮುಳುಗಿದ ಹೋಳಿಗೆ.

"ಸಾಕಪ್ಪ ಕಾಟಯ್ಯ."

"ಕಳ್ಳನನ್ನು ಹಿಡಿದ ಹೊಟ್ಟೆ ಸ್ವಾಮಿ, ಸಾಕು ಅನ್ನಬಾರದು."

ಉಸಿರು ಬಿಡಲಾಗದ ತಮ್ಮರಸನನ್ನು ಇಬ್ಬರು ಹಿಡಿದು ತಟ್ಟೆಯಲ್ಲಿ ಕೂರಿಸಿದರು. ಎದುರು ಕಲ್ಲು ಪೇರಿಸಿ, ಸುಣ್ಣ ಬಳಿದು, ಹೂವಿನ ಹಾರ ಹಾಕಿ ಮನೆಗೆ ಕಳಿಸಿದರು.

ಮರುದಿನ ಬೆಳಗ್ಗೆ ಆಳುಗಳು ತೊಲೆ ಕೀಳಲು ಹಾರೆ ಹಿಡಿದು ಹೊರಟಿದ್ದರು. ಕಾಟಯ್ಯ ಅಡ್ಡ ನಿಂತ. "ತಡೀರಿ. ಇನ್ನೊಬ್ಬ ಕಳ್ಳ ಇದ್ದಾನೆ. ಇಬ್ಬರ ಮನೆಯನ್ನೂ ಒಟ್ಟಿಗೇ ಕೀಳಬಹುದು."

"ಯಾರವನು?" ಅಂದ ನಾಯಕ.

"ತಮ್ಮರಸರು ತಟ್ಟೆಯಲ್ಲಿ ಕೂತರೆ ಹೇಳ್ತೀನಿ."

ತಮ್ಮರಸ ಆಗಷ್ಟೇ ಚೊಂಬು ಹಿಡಿದು ಕೋಟೆಯ ಆಚೆ ಹೋಗಿ, ಹಗುರಾಗಿ ಬಂದಿದ್ದ. ಇನ್ನೂ ಮರ್ಯಾದೆ ಬಾಕಿಯಿದೆ ಎಂದುಕೊಂಡು ನಗುತ್ತಲೇ ಕೂತ. ಸುಣ್ಣದ ಕಲ್ಲುಗಳು ಕೆಳಗಿಳಿದವು. ತಮ್ಮರಸ ಗಾಳಿಯಲ್ಲಿ ಕಾಲು ಆಡಿಸುತ್ತಾ ಮೇಲೆ ಉಳಿದ.

"ನೋಡಿ ಪ್ರಭು," ಅಂದ ಕಾಟಯ್ಯ, "ನಿನ್ನೆ ಅರಮನೆ ಊಟ ಸೇರಿಸಿ ತೂಗಿದ್ದು. ಇವತ್ತು ಕಡಿಮೆ. ಸ್ವಾಮಿ ತಮ್ಮರಸರೇ, ಎಲ್ಲಿ ಬಚ್ಚಿಟ್ಟಿದ್ದೀರಿ?"

"ಏನು ಮಾತು ಅಂತ ಆಡ್ತೀಯ? ನಾನು ಏನೂ ಬಚ್ಚಿಟ್ಟಿಲ್ಲ."

"ಹಾಗಾದರೆ ಬೆಳಗ್ಗೆ ಹರಳುಗಿಡದ ಮರೆಯಲ್ಲಿ ಅಷ್ಟು ಹೊತ್ತು ಏನು ಮಾಡ್ತಿದ್ರಿ? ಕಾವಲಿನವರೆಲ್ಲ ನೋಡಿದ್ದಾರೆ."

ಸಭೆ ಕಿಸಕ್ಕೆಂದಿತು. ತಮ್ಮರಸನ ಕಿವಿ ಕೆಂಪಾಯಿತು. "ಅದು ಕಳವಲ್ಲ ಕಣಯ್ಯಾ. ಅದು... ತಾನಾಗೇ ಹೋಗೋದು. ಹೋಗದೆ ಇರೋಕೆ ಆಗುತ್ಯೇ?"

"ಗಾದ್ರಿ ನಿನ್ನೆ ಇದೇ ಮಾತು ಹೇಳಿದ. ಅವನ ಸೌದೆ ಪಾಪ, ಅದನ್ನೇ ಮರ್ಯಾದೆಯಾಗಿ ಮಾಡಿತ್ತು. ಚೊಂಬೂ ಕೇಳಲಿಲ್ಲ."

ನಾಯಕನ ಕಂಬಳಿಗಳು ಅಲುಗಾಡತೊಡಗಿದವು. ಈ ಸಲ ಚಳಿಗಲ್ಲ. ನಗು ಹತೋಟಿಗೆ ಬಂದಮೇಲೆ ಕಣ್ಣೊರೆಸಿಕೊಂಡು, "ನಾನೇ ಮಾಡಿದ ಕಾನೂನು ಕಣೋ ಕಾಟಯ್ಯ. ಒಂದೇ ದಿನಕ್ಕೆ ಹೇಗೆ ಮುರಿಯಲಿ?" ಅಂದ.

"ಯಾಕೆ ಮುರೀಬೇಕು ಪ್ರಭು? ಕಡಿಮೆ ಬಿದ್ದಷ್ಟು ತುಂಬಿಕೊಡೋದು ತಾನೇ ಕಾನೂನು? ಮೊದಲು ತಮ್ಮರಸರು ಹರಳುಗಿಡದ ಹಿಂದೆ ಹೋಗಿ, ಅವರ ಮಾಲು ಹೊತ್ತು ತಂದು ಈ ತಟ್ಟೆಗೆ ಹಾಕಲಿ. ತೂಕ ಸರಿಹೋದ ಮೇಲೆ ಗಾದ್ರಿ ತೊಲೆ ಕಿತ್ತು ಕೊಡ್ತಾನೆ. ನನ್ನದೊಂದೇ ಬಿನ್ನಹ. ಅದನ್ನು ಒಪ್ಪಿಸಿಕೊಳ್ಳೋವಾಗ ತಾವೊಬ್ಬರೇ ಇರಿ, ನಮಗೆಲ್ಲ ರಜ ಕೊಡಿ."