ಹಳೆಯ ಅಳತೆಯ ಚೀಲ

ದೇವರ ದಯೆಯಿಂದ ಚುಕ್ಕಿ ಎಂಬ ಮೇಕೆ ಎರಡನೆಯ ಹೆರಿಗೆಯಲ್ಲಿ ಅವಳಿ ಮರಿ ಹಾಕಿತು, ಅದರ ಕೆಚ್ಚಲು ತುಂಬಿ ತೂಗಿತು. ಓಡುವಾಗ ಕೆಚ್ಚಲು ಕಾಲಿಗೆ ಬಡಿಯದಿರಲೆಂದು ಕುರುಬ ಪಕ್ಕೆ ಸುತ್ತಿ ಲಾಡಿ ಕಟ್ಟುವ ಬಟ್ಟೆಯ ಚೀಲಗಳನ್ನು ತಂದಾಗ, ಚುಕ್ಕಿ ತನ್ನ ಚೊಚ್ಚಲ ಹೆರಿಗೆಯ ಸಣ್ಣ ಚೀಲಕ್ಕೇ ಮೈಯೊಡ್ಡಿತು.

"ಉಸಿರು ಕಟ್ಟುತ್ತದೆ ಕಣೇ, ದೊಡ್ಡದು ಹಾಕಿಸಿಕೋ. ಭಗವಂತ ಕೊಟ್ಟ ಮೈ ಅದು," ಎಂದಿತು ಮುದಿ ಮೇಕೆ.

"ನಿನ್ನ ಹಾಗೆ ಜೋತಾಡಿಸಿಕೊಂಡು ತಿರುಗಲೇ ಅತ್ತೆ?"

ಸಂಜೆ ತೋಳ ಬಂತು. ಮಂದೆಯೆಲ್ಲ ಗುಡ್ಡ ಏರಿತು. ಚೀಲದ ಲಾಡಿ ಪಕ್ಕೆಗಳನ್ನು ಬಿಗಿದು, ಉಸಿರು ಸಾಲದೆ, ಚುಕ್ಕಿ ಅರ್ಧ ದಾರಿಯಲ್ಲೇ ಕುಸಿಯಿತು. ಮೇಲೆ ಮರಿಗಳು ಕೂಗುತ್ತಿದ್ದವು; ಇನ್ನು ದೇವರೇ ಅವಕ್ಕೆ ದಿಕ್ಕು.

"ಇಷ್ಟು ಬಿಗಿಯಾಗಿ ಏಕೆ ಕಟ್ಟಿಸಿಕೊಂಡೆ ತಾಯಿ?" ಎಂದು ತೋಳ ಕೇಳಿತು.

"ನೋಡಿದವರು ಏನೆಂದುಕೊಂಡಾರು ಎಂದು."

"ಅವರೆಲ್ಲ ತಂತಮ್ಮ ದಾರಿ ನೋಡಿಕೊಂಡು ಓಡಿದರು. ನಿನ್ನನ್ನು ನೋಡುತ್ತಿದ್ದವನು ನಾನೊಬ್ಬನೇ," ಎಂದಿತು ತೋಳ.