ಸೈನಕ್ಯೂರ್ ಎಂಬ ಹುದ್ದೆ

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಪಂಕ್ತಿಯಲ್ಲಿ ಕುಳಿತವರ ತಾಟಿಗೆ ಬಡಿಸುವ ಮೊದಲು ಗುರುಸಿದ್ದವ್ವ ಪ್ರತಿಯೊಬ್ಬರನ್ನೂ ಒಂದೇ ಮಾತು ಕೇಳುತ್ತಿದ್ದಳು: "ಇವತ್ತೇನು ಕಾಯಕ?"

ಒಬ್ಬ ಕಟ್ಟಿಗೆ ಒಡೆದೆ ಎನ್ನುವನು, ಇನ್ನೊಬ್ಬ ದನಗಳ ಮೈ ತೊಳೆದೆ ಎನ್ನುವನು. ಮಠದ ಗುರು ಮಹಾಂತಜ್ಜನವರೂ ಹೇಳಲೇಬೇಕು. ಪರವೂರಿನಿಂದ ಬಂದ ಅತಿಥಿಗಳನ್ನು ಮಾತ್ರ ಅವಳು ಕೇಳುತ್ತಿರಲಿಲ್ಲ.

ಶಿಷ್ಯ ಕಲ್ಲಿನಾಥನ ಕಾಯಕ ರೊಟ್ಟಿ ಬಡಿಯುವುದು. ಹತ್ತು ವರ್ಷದಿಂದ, ದಿನಕ್ಕೆ ನೂರು ಜೋಳದ ರೊಟ್ಟಿ. ಅಂಚು ಸೀಳದು, ನಡು ದಪ್ಪವಾಗದು. ಆಚೆ ದಂಡೆಯ ಹೆಣ್ಣುಮಕ್ಕಳೂ ಒಪ್ಪಿದ ಕೈ ಅದು.

ಆದರೆ ಬಂಧುಬಳಗದಲ್ಲಿ ಅವನಿಗೆ ತಲೆ ಎತ್ತಲಾಗುತ್ತಿರಲಿಲ್ಲ. "ಗಂಡಸಾಗಿ ರೊಟ್ಟಿ ಬಡೀತಾನ" ಎಂದು ಮದುವೆ ಮನೆಗಳಲ್ಲಿ ಆಡಿಕೊಳ್ಳುತ್ತಿದ್ದರು. ಆ ಮಾತು ಅವನಿಗೆ ನಾಟಿತ್ತು.

ಒಂದು ಸೋಮವಾರ ಸೋದರಮಾವನ ಪತ್ರ ಬಂತು. ಮಾವ ರಾಜಧಾನಿಯಲ್ಲಿ ಒಬ್ಬ ಮಂತ್ರಿಯ ಆಪ್ತ. ಕಲ್ಲಿನಾಥ ಹಿಟ್ಟಿನ ಕೈಯಲ್ಲೇ ಗುರುವಿನ ಬಳಿ ಓಡಿದ.

"ಅಜ್ಜಾರ, ನನಗ ಸರಕಾರಿ ಹುದ್ದೆ ಸಿಕ್ಕೈತ್ರಿ! ಶುಕ್ರವಾರ ಮಾವ ಜೀಪ್ ತಗೊಂಡು ಬರತಾನಂತ. ಸಹಿ ಮಾಡಿದ್ರ ಮುಗೀತು."

"ಭೇಷ್. ಏನು ಹುದ್ದೆ?"

"ಯಾವುದೋ ಮಂಡಳಿ ಸಲಹೆಗಾರ ಅಂತ್ರಿ. ಆದ್ರ ಖರೇ ಅಂದ್ರ ಅದು ಸೈನಕ್ಯೂರ್ ಅಂತ ಬರದಾನ್ರಿ." ಆ ಇಂಗ್ಲಿಷ್ ಪದ ಹೇಳುವಾಗ ಅವನ ಎದೆ ಒಂದು ಗೇಣು ಮುಂದೆ ಬಂತು.

"ಹಂಗಂದ್ರ?"

"ಕಲೆಕ್ಟರ್‌ಗಿಂತ ಒಂದು ಕೈ ಮ್ಯಾಲೇ ಇರಬೇಕ್ರಿ."

ಮಹಾಂತಜ್ಜನವರು ಮಠಕ್ಕೆ ಬರುವ ಮೊದಲು ಮೂವತ್ತು ವರ್ಷ ಇಂಗ್ಲಿಷ್ ಮಾಸ್ತರರಾಗಿದ್ದವರು. ಅರ್ಥ ಹೇಳಬಹುದಿತ್ತು. ಹೇಳಲಿಲ್ಲ.

"ಅಷ್ಟು ದೊಡ್ಡ ಹುದ್ದೆ ಅಂದಮ್ಯಾಲೆ ರೂಢಿ ಬೇಕಪ್ಪಾ. ಶುಕ್ರವಾರದ ತನಕ ಇಲ್ಲೇ ಮಾಡಿ ನೋಡು. ನನ್ನ ಕುರ್ಚಿ ತಗೊಂಡು ಬೇವಿನ ಗಿಡದ ಬುಡಕ್ಕ ಹಾಕ್ಕೋ. ರುಮಾಲು ಸುತ್ತು. ಕುಂದ್ರು."

"ಕುಂತು ಏನ್ ಮಾಡ್ಲಿರಿ?"

"ಕುಂದ್ರೂದ."

ಮಂಗಳವಾರ ಕಲ್ಲಿನಾಥ ಕುಳಿತ. ಹೊಳೆಗೆ ಹೋಗುವವರೆಲ್ಲ ರುಮಾಲು ಕಂಡು ಕೈಮುಗಿದರು. ಇಷ್ಟು ದಿನ ಸುಮ್ಮನೆ ಹಿಟ್ಟು ನಾದಿದೆನಲ್ಲ ಎಂದು ಅವನಿಗೆ ಅನಿಸಿತು.

ಊಟಕ್ಕೆ ಕುಳಿತಾಗ ಗುರುಸಿದ್ದವ್ವ ಕೇಳಿದಳು. "ಲೇ ಕಲ್ಯಾ, ಇವತ್ತೇನು ಕಾಯಕ?"

"ಸೈನಕ್ಯೂರ್!"

ಪಂಕ್ತಿ ಬಾಯಿ ಬಿಟ್ಟಿತು. ಅರ್ಥವಾಗದ ಮಾತಿಗೆ ಮರ್ಯಾದೆ ಹೆಚ್ಚು. ಅವಳು ಒಂದು ಚಮಚ ತುಪ್ಪ ಹೆಚ್ಚೇ ಹಾಕಿದಳು.

ಬುಧವಾರ ಅವಳು ಮತ್ತೆ ಕೇಳಿದಳು.

"ನಿನ್ನೆ ಹೇಳಿದ್ನಲ್ಲವ್ವಾ, ಸೈನಕ್ಯೂರ್ ಅಂತ."

"ಅದು ನಿನ್ನಿ ಊಟಕ್ಕಾತು. ಇವತ್ತೇನು ಮಾಡಿದಿ?"

ಕಲ್ಲಿನಾಥ ಬಹಳ ಯೋಚಿಸಿದ. "ಬಿಸಲು ಬಂದಾಗ ಕುರ್ಚಿ ನೆಳ್ಳಿಗೆ ಸರಿಸಿದ್ನಿ."

ಪಂಕ್ತಿ ಗೊಳ್ಳೆಂದು ನಕ್ಕಿತು. ಅವನ ಬದಲು ಆ ದಿನ ರೊಟ್ಟಿ ಬಡಿದವನು ಕಟ್ಟಿಗೆ ಒಡೆಯುವವನು. ರೊಟ್ಟಿಯನ್ನೂ ಕಟ್ಟಿಗೆಯಂತೆಯೇ ಮುರಿಯಬೇಕಾಯಿತು. ಕಲ್ಲಿನಾಥ ಅದನ್ನು ತಲೆ ತಗ್ಗಿಸಿ ತಿಂದ.

ಗುರುವಾರ ಗುರುಸಿದ್ದವ್ವ ಎಲ್ಲರನ್ನೂ ಕೇಳಿದಳು. ಅವನ ಮುಂದೆ ಬಂದಾಗ ಏನೂ ಕೇಳದೆ ಬಡಿಸಿದಳು.

"ನನ್ನ ಕೇಳಲೇ ಇಲ್ಲಲ್ಲವ್ವಾ?"

"ಪರವೂರಿಂದ ಬಂದ ಪಾವ್ಣ್ಯಾರಿಗೆ ಕೇಳೂದಿಲ್ರಿ. ನಾಚಬ್ಯಾಡ್ರಿ, ಹೊಟ್ಟಿ ತುಂಬ ಉಣ್ರಿ."

ಹತ್ತು ವರ್ಷ 'ಲೇ ಕಲ್ಯಾ' ಎಂದು ಗದರಿದ ಬಾಯಿ ಅದು. ಇಂದು ಅದೇ ಬಾಯಲ್ಲಿ 'ರೀ' ಕೇಳಿ ಅವನಿಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು. ಅರ್ಧ ಊಟಕ್ಕೇ ಎದ್ದ. ಕೈ ತೊಳೆದು ಗುರುವಿನ ಬಳಿ ಹೋದ.

"ಅಜ್ಜಾರ, ಆ ಶಬ್ದದ ಅರ್ಥ ಹೇಳ್ರಿ."

"ಕುರ್ಚಿ ಇರತೈತಿ, ಪಗಾರ ಇರತೈತಿ, ಕೆಲಸ ಇರೂದಿಲ್ಲ. ಹೊಟ್ಯಾಗಿನ ನೀರು ಅಲುಗಾಡೂದಿಲ್ಲ. ಅಂಥಾ ಹುದ್ದೆಗೆ ಇಂಗ್ಲಿಷಿನಾಗ ಸೈನಕ್ಯೂರ್ ಅಂತಾರ."

"ಅದು ಹೊಗಳೂ ಮಾತೋ, ಬೈಯೂ ಮಾತೋ?"

"ಸಿಕ್ಕವರು ನಕ್ಕೋತ ಅಂತಾರ, ಸಿಗದವರು ಹಲ್ಲು ಕಡಕೋತ ಅಂತಾರ. ಶಬ್ದ ಅಪರೂಪದ್ದಪ್ಪಾ, ಹುದ್ದೆ ಎಲ್ಲಾ ಕಡೆ ಐತಿ."

"ಹಂಗಾರ ನಾ ಏನ್ ಮಾಡ್ಲಿರಿ?"

"ಪಗಾರ ನಿಂದು, ಸಹಿ ನಿಂದು. ನಾ ಯಾಕ ಹೇಳ್ಲಿ?"

ಶುಕ್ರವಾರ ಬೆಳಗಾಗುವಾಗ ಬೇವಿನ ಬುಡದ ಕುರ್ಚಿ ಖಾಲಿ ಇತ್ತು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಹೊಳೆಯವರೆಗೂ ಕೇಳುತ್ತಿತ್ತು. ಮಹಾಂತಜ್ಜನವರು ಸ್ನಾನಕ್ಕೆ ಹೊರಟವರು ಸ್ವಲ್ಪ ಹೊತ್ತು ಅಲ್ಲೇ ನಿಂತು ಕೇಳಿದರು.

ಮಧ್ಯಾಹ್ನ ಜೀಪ್ ಬಂತು. ಮಾವ ಆದೇಶದ ಕಾಗದ ಕಿಸೆಯಲ್ಲಿಟ್ಟುಕೊಂಡೇ ಅಳಿಯನ ಪಕ್ಕ ಊಟಕ್ಕೆ ಕುಳಿತ.

ಗುರುಸಿದ್ದವ್ವ ಮಾವನಿಗೆ ಕೇಳದೆ ಬಡಿಸಿದಳು. ಕಲ್ಲಿನಾಥನ ಮುಂದೆ ನಿಂತಳು.

"ಲೇ ಕಲ್ಯಾ, ಇವತ್ತೇನು ಕಾಯಕ?"

"ನೂರಾ ಹತ್ತು ರೊಟ್ಟಿ!"

ಆಚೆ ದಂಡೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ್ದ. ಹಾಗೆ ಹೇಳಲು ಅವನಿಗೆ ನಾಚಿಕೆಯಾಗಲಿಲ್ಲ, ಹೆಮ್ಮೆಯಾಯಿತು. ಮಾವನ ಕಿವಿ ಕೆಂಪಾಯಿತು. ಆದರೂ ಆ ರೊಟ್ಟಿ ನಾಲ್ಕು ತಿಂದ ಮೇಲೆಯೇ ಅವನಿಗೆ ಸಿಟ್ಟು ಬಂದದ್ದು.

ಕೈ ತೊಳೆದು ಕಾಗದ ಚಾಚಿದ. "ಸಾಕಿದು, ಸಹಿ ಮಾಡು."

ಕಲ್ಲಿನಾಥ ಕಾಗದವನ್ನು ಮಡಚಿ ಮಾವನ ಕಿಸೆಯಲ್ಲೇ ಇಟ್ಟ. "ಬ್ಯಾಡ ಮಾವಾ. ಆ ಕುರ್ಚಿ ಮ್ಯಾಲೆ ಮೂರು ದಿನ ಕುಂತು ಬಂದೀನಿ."

"ಹುಚ್ಚ ಏನಲೇ ನೀನು? ಎಂತೆಂಥಾವರು ಇದಕ್ಕ ಸಾಲು ಹಚ್ಚಿ ನಿಂತಾರ!" ಮಾವ ಗುರುವಿನ ಕಡೆ ತಿರುಗಿದ. "ಅಜ್ಜಾರ, ಮಂತ್ರಿಗಳು ಕೇಳತಾರ. ಇಂವ ಯಾಕ ಬರಲಿಲ್ಲ ಅಂದ್ರ ನಾ ಏನಂತ ಹೇಳ್ಲಿ?"

ಮಹಾಂತಜ್ಜನವರು ಶಿಷ್ಯನ ಸುಟ್ಟ ಬೆರಳುಗಳನ್ನು ನೋಡಿದರು. ಅವರ ಮುಖ ಅರಳಿತು.

"ಅವಗ ರಜಾ ಸಿಗಲಿಲ್ಲ ಅಂತ ಹೇಳ್ರಿ."