ಗಾದ್ರಿ ಹಿಡಿದ ಕಾರಿನ ಗಾಜು

ಕೇಳೋರಿಗೆ ಕಿವಿ ಇರಲಿ, ನಗೋರಿಗೆ ಪಕ್ಕೆ ಗಟ್ಟಿ ಇರಲಿ. ಚಳ್ಳಕೆರೆಯಲ್ಲಿ ಸೂರಮ್ಮ ಅಂತ ಒಬ್ಬಳಿದ್ದಳು. ಮದುವೆ ಮನೆಗಳಲ್ಲಿ ಹೋಳಿಗೆ ತಟ್ಟೋದು ಅವಳ ಕೆಲಸ. ಅವಳಿಗೆ ಒಬ್ಬನೇ ಮಗ, ಗಾದ್ರಿ. ಆಳು ಬಾಗಿಲೆತ್ತರ, ಮೀಸೆ ಬೆರಳುದ್ದ, ಬುದ್ಧಿ ಮಾತ್ರ ಹೇಳಿದಷ್ಟೇ. ಅನ್ನದ ಮೇಲೆ ಕಣ್ಣಿಟ್ಟಿರು ಅಂದರೆ ಅದು ಸೀದು ಕರಕಾಗೋವರೆಗೂ ಕಣ್ಣಿಟ್ಟೇ ಇರುತ್ತಿದ್ದ.

"ಯಾಕೋ ಹಿಂಗೆ ಮಾಡ್ದೆ?" ಅಂತ ಅವ್ವ ಹಣೆ ಚಚ್ಚಿಕೊಂಡರೆ, "ನೀನು ಹೇಳ್ದಂಗೇ ಮಾಡ್ದೆ ಕಣವ್ವ" ಅಂತ ಎದೆ ಸೆಟೆಸಿ ನಿಲ್ಲುತ್ತಿದ್ದ. ತಾನು ತಪ್ಪು ಮಾಡಿದೆ ಅನ್ನೋ ಅನುಮಾನ ಅವನ ಹತ್ತಿರ ಸುಳಿದದ್ದೇ ಇಲ್ಲ.

ಕೊನೆಗೆ ಸೂರಮ್ಮ ಅವನನ್ನು ಕರೆದುಕೊಂಡು ದಸ್ತಗಿರಿ ಸಾಬರ ಗ್ಯಾರೇಜಿಗೆ ಹೋದಳು.

"ಸಾಬಣ್ಣ, ನಾನು ಇರೋವಾಗಲೇ ಇವನ ಕೈಗೊಂದು ಕೆಲಸ ಹತ್ತಲಿ. ಪೆದ್ದ, ಒಪ್ಕೋತೀನಿ. ಆದರೆ ಹೇಳಿದ ಮಾತು ಮೀರೋನಲ್ಲ."

"ಮಾತು ಕೇಳೋ ಆಳು ಸಿಗೋದೇ ಕಷ್ಟ ಅಕ್ಕ," ಅಂದರು ಸಾಬರು. "ಬಿಟ್ಟು ಹೋಗು. ಈಗ ಬಂದಿರೋ ಕಾರು ಮುಗಿಯೋವರೆಗೂ ನೋಡ್ತೀನಿ. ಹೊಂದಿಕೊಂಡರೆ ಕಾಯಂ."

ಆಗ ಬಂದಿದ್ದ ಕಾರು ಅಂತಿಂಥದ್ದಲ್ಲ. ಎಣ್ಣೆ ಮಿಲ್ಲಿನ ಚೆನ್ನವೀರಪ್ಪನವರದು. ದುಂಡು ಮೂತಿ, ದುಂಡು ಬೆನ್ನು, ಅಜ್ಜನ ಕಾಲದ ಗಾಡಿ. ಅವರ ಹೆಂಡತಿ ಮದುವೆಯಾಗಿ ಆ ಮನೆಗೆ ಬಂದದ್ದು ಅದೇ ಕಾರಿನಲ್ಲಿ. ಆಕೆ ಈಗ ಇಲ್ಲ. ಮಗಳು ಪಂಕಜ, "ಅಮ್ಮ ಬಂದ ಕಾರಲ್ಲೇ ನಾನು ಗಂಡನ ಮನೆಗೆ ಹೋಗ್ತೀನಿ" ಅಂತ ಹಟ ಹಿಡಿದಿದ್ದಳು. ಆದರೆ ಹಿಂದಿನ ಬಾಗಿಲಿನ ಗಾಜು ಒಳಗೆ ಜಾರಿ ಬಿದ್ದಿತ್ತು. ಹ್ಯಾಂಡಲ್ ತಿರುಗಿಸಿದರೆ ಗರಗರ ಸದ್ದು, ಗಾಜು ಮೇಲಕ್ಕೆ ಬಾರದು. ಗಂಡಿನ ಊರು ಪರಶುರಾಂಪುರದ ದಾರಿಯೋ ಬರೀ ಕೆಂಧೂಳು. ಹೊಸ ಸೀರೆಯ ಮದುಮಗಳನ್ನು ಹಾಗೆ ಕಳಿಸೋದು ಹೇಗೆ? "ಮದುವೆ ದಿನಕ್ಕೆ ಗಾಜು ನಿಲ್ಲುತ್ತೆ, ನನ್ನ ಮಾತು" ಅಂದಿದ್ದರು ಸಾಬರು.

ಗಾದ್ರಿ ಬಂದ ದಿನವೇ ಸಾಬರು ಅಂದರು: "ಆ ಬಾಗಿಲು ಬಿಚ್ಚಿಡು. ಒಳಗಿನ ಮಷೀನು ನೋಡಬೇಕು. ನಾನು ಚಾ ಕುಡಿದು ಬರ್ತೀನಿ."

ಅವರು ಹೇಳಿದ್ದು ಬಾಗಿಲಿನ ಒಳಮೈಯ ಹಲಗೆ. ಗಾದ್ರಿಗೆ ಕೇಳಿಸಿದ್ದು ಬಾಗಿಲು. ಸಾಬರು ಬಂದು ನೋಡಿದರೆ ಬಾಗಿಲಿಗೆ ಬಾಗಿಲೇ ಬೇವಿನ ಮರಕ್ಕೆ ಒರಗಿ ನಿಂತಿದೆ, ಕಾರು ಹಲ್ಲು ಬಿದ್ದ ಬಾಯಿಯ ಹಾಗಿದೆ.

"ಏನಪ್ಪ ಇದು?"

"ಬಾಗಿಲು ಬಿಚ್ಚಿಟ್ಟೆ ಸಾಬ್ರೆ. ನೆರಳಲ್ಲಿ ಇಟ್ಟೆ."

ಸಾಬರು ಅಕ್ಕಪಕ್ಕದವರನ್ನು ಕರೆದು ಬಾಗಿಲನ್ನು ಮತ್ತೆ ಕೂರಿಸೋ ಹೊತ್ತಿಗೆ ಬೆವತುಹೋದರು. "ನೋಡು ಗಾದ್ರಿ, ಬಿಚ್ಚಿದ್ದು ಎಲ್ಲೆಲ್ಲೋ ಇಡಬಾರದು. ಎಲ್ಲಿಂದ ಬಿಚ್ಚಿದೆಯೋ ಅಲ್ಲಿಗೇ ಹಾಕಬೇಕು. ತಿಳೀತಾ?"

"ತಿಳೀತು ಸಾಬ್ರೆ."

ಮಾರನೆ ದಿನ ಒಳಹಲಗೆಯ ಸ್ಕ್ರೂ ಬಿಚ್ಚಲು ಕೂರಿಸಿದರು. ಗಾದ್ರಿ ಒಂದು ಸ್ಕ್ರೂ ಬಿಚ್ಚಿದ, ಅಲ್ಲಿಗೇ ಹಾಕಿದ. ಇನ್ನೊಂದು ಬಿಚ್ಚಿದ, ಅಲ್ಲಿಗೇ ಹಾಕಿದ. ಬಿಚ್ಚಿದ, ಹಾಕಿದ. ಬಿಚ್ಚಿದ, ಹಾಕಿದ. ಮಧ್ಯಾಹ್ನಕ್ಕೆ ಸಾಬರು ಬಂದರೆ ಹಲಗೆ ಇದ್ದಲ್ಲೇ ಇದೆ, ಗಾದ್ರಿಯ ಅಂಗೈಯಲ್ಲಿ ಮಾತ್ರ ಬೊಬ್ಬೆ ಎದ್ದಿದೆ.

"ಬೆಳಗ್ಗೆಯಿಂದ ಏನು ಮಾಡ್ದೆ?"

"ಎಲ್ಲಾ ಬಿಚ್ಚಿದೆ ಸಾಬ್ರೆ. ಒಂದೂ ಆಚೀಚೆ ಆಗಿಲ್ಲ."

ಸಾಬರು ತಾವೇ ಕೂತು ಹಲಗೆ ತೆಗೆದರು. ಒಳಗೆ ಗಾಜು ಎತ್ತೋ ಮಷೀನು ತುಕ್ಕು ಹಿಡಿದು ಕೂತಿತ್ತು. ಅದನ್ನೂ ಬಿಚ್ಚಿ ಕೆಳಗಿಟ್ಟರು. "ಅಲ್ಲಿಗೇ ಹಾಕೋದು ಕೊನೇಲಿ ಕಣಪ್ಪ. ಮೊದಲು, ಬಿಚ್ಚಿಟ್ಟದ್ದನ್ನೆಲ್ಲ ಈ ಸೀಮೆಎಣ್ಣೆ ಬೋಗುಣೀಲಿ ಮುಳುಗಿಸಬೇಕು. ಚೆನ್ನಾಗಿ ನೆನೀಬೇಕು. ತಿಳೀತಾ?"

"ತಿಳೀತು ಸಾಬ್ರೆ."

ಮಷೀನು ಮುಳುಗಿತು, ಸ್ಕ್ರೂ ಮುಳುಗಿದವು. ಅಷ್ಟರಲ್ಲಿ ಚೆನ್ನವೀರಪ್ಪನವರು ಕಾರು ಎಲ್ಲಿಗೆ ಬಂತು ಅಂತ ನೋಡಲು ಬಂದರು. ಸೆಖೆ ಅಂತ ಸ್ಟೂಲಿನ ಮೇಲೆ ಪೇಟ ಬಿಚ್ಚಿಟ್ಟರು, ಕೋಟು ಬಿಚ್ಚಿಟ್ಟರು, ಸಾಬರ ಜೊತೆ ಕಾರು ಸುತ್ತಿ ಬಂದರು. ಹೊರಡೋವಾಗ ಸ್ಟೂಲು ಬರಿದು.

"ನನ್ನ ಪೇಟ ಎಲ್ಲಪ್ಪ?"

"ನೆನೀತಿದೆ ಯಜಮಾನ್ರೆ. ಕೋಟಿನ ತುಕ್ಕೂ ಸಂಜೆಗೆ ಬಿಡುತ್ತೆ."

ಚೆನ್ನವೀರಪ್ಪನವರು ಬರಿತಲೆಯಲ್ಲಿ ನಡೆದು ಹೋದರು. ಸಾಬರ ಮುಖ ಇಷ್ಟೇ ಇಷ್ಟಾಯಿತು. ಸುದ್ದಿ ಸೂರಮ್ಮನಿಗೂ ಮುಟ್ಟಿತು. ರಾತ್ರಿ ಮಗನಿಗೆ ಬಡಿಸುತ್ತಾ ಕಣ್ಣು ಒರೆಸಿಕೊಂಡಳು. "ಈ ಕೆಲಸವೂ ಹೋದರೆ ನಿನ್ನನ್ನ ಯಾರ ಕೈಗೆ ಒಪ್ಪಿಸಲೋ?"

"ಅಳಬೇಡವ್ವ. ಸಾಬ್ರು ಹೇಳ್ದಂಗೇ ಮಾಡ್ತಿದೀನಿ," ಅಂದ ಗಾದ್ರಿ, ಇನ್ನೊಂದು ಮುದ್ದೆಗೆ ತಟ್ಟೆ ಒಡ್ಡಿ.

ಬೆಳಗ್ಗೆ ಸಾಬರು ಹೊಸ ಮಾತು ಹೇಳಿದರು: "ಇನ್ನು ಮೇಲೆ ನಾನು ಹೇಳೋವರೆಗೂ ಏನನ್ನೂ ಮುಟ್ಟಬೇಡ. ತಿಳೀತಾ?"

"ತಿಳೀತು ಸಾಬ್ರೆ," ಅಂದ ಗಾದ್ರಿ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ.

ಸಾಬರು ಮಷೀನಿನ ಸವೆದ ಹಲ್ಲುಚಕ್ರ ತೆಗೆದು ಬೇರೆ ಹಾಕಿಸಿ ತಂದರು. ಗ್ರೀಸು ಹಚ್ಚಿದರು. ಗಾಜನ್ನು ಮೇಲೆತ್ತಿ, ಜಾರದ ಹಾಗೆ ಮರದ ಬೆಣೆ ಕೊಟ್ಟು, ಕೆಳಗಿನಿಂದ ಮಷೀನು ಕೂರಿಸಲು ಬಗ್ಗಿದರು. ಬೆಣೆ ಸಡಿಲವಾಯಿತು. ಗಾಜು ಮೆಲ್ಲಗೆ ಇಳಿಯಿತು. ಗಾದ್ರಿ ನೋಡಿದ. ಇನ್ನಷ್ಟು ಇಳಿಯಿತು. ಇನ್ನಷ್ಟು ನೋಡಿದ. ಕೊನೆಗೆ ದಬಕ್ಕನೆ ಸಾಬರ ಮುಂಗೈ ಮೇಲೆ ಕೂತಿತು.

"ಅಲ್ಲಾ! ಬೀಳೋದು ಕಾಣಲಿಲ್ಲವೇನೋ?"

"ಕಂಡಿತು ಸಾಬ್ರೆ. ಮೊದಲಿಂದ ಕಡೇವರೆಗೂ ಕಂಡಿತು. ಮುಟ್ಟು ಅಂತ ನೀವು ಹೇಳಲಿಲ್ಲ."

ಗಾಜು ಒಡೆದಿರಲಿಲ್ಲ, ಅದೊಂದು ಪುಣ್ಯ. ಸಾಬರು ಕೈ ಉಜ್ಜಿಕೊಳ್ಳುತ್ತಾ ಅಂದರು: "ಬೀಳೋದನ್ನ ಕಂಡರೆ ಹಿಡೀಬೇಕು. ಹಿಡಿದ ಮೇಲೆ ನಾನು ಬಿಡು ಅನ್ನೋವರೆಗೂ ಬಿಡಬಾರದು. ತಿಳೀತಾ?"

"ತಿಳೀತು ಸಾಬ್ರೆ."

ಮದುವೆಯ ದಿನ ಬೆಳಗ್ಗೆ ಕೊನೆಯ ಕೆಲಸ. ಗಾದ್ರಿ ಹಿಂದಿನ ಸೀಟಿನಲ್ಲಿ ಕೂತು ಎರಡೂ ಅಂಗೈಯಿಂದ ಗಾಜನ್ನು ಎತ್ತಿ ಹಿಡಿದ. ಸಾಬರು ಮಷೀನು ಕೂರಿಸಿದರು, ಬೋಲ್ಟು ಬಿಗಿದರು, ಹಲಗೆ ಮುಚ್ಚಿದರು. ಅಷ್ಟರಲ್ಲಿ ರೈಲ್ವೆ ಗೇಟಿನ ಹತ್ತಿರ ಲಾರಿ ಕೆಟ್ಟು ನಿಂತಿದೆ ಅಂತ ಕರೆ ಬಂತು. ಸಾಬರು ಓಡಿದರು. ಬಿಡು ಅನ್ನೋದು ಮರೆತರು.

ಚೆನ್ನವೀರಪ್ಪನವರ ಡ್ರೈವರ್ ಈರಣ್ಣ ಕಾರು ಒಯ್ಯಲು ಬಂದ. "ಇಳಿಯಪ್ಪ, ಹೊರಡಬೇಕು."

"ಸಾಬ್ರು ಬಿಡು ಅನ್ನಬೇಕು."

"ನಾನೇ ಹೇಳ್ತೀನಿ, ಬಿಡು."

"ನೀನು ಸಾಬ್ರಲ್ಲ."

ಈರಣ್ಣನಿಗೆ ಹೆದರಿಕೆಯಾಯಿತು. ಇವನು ಬಿಟ್ಟರೆ ಗಾಜು ಬಿದ್ದೇ ಬೀಳುತ್ತೇನೋ ಅಂದುಕೊಂಡ. ಹಾಗೇ ಕಾರು ಓಡಿಸಿಕೊಂಡು ಛತ್ರಕ್ಕೆ ಹೋದ. ಮದುಮಗ ಬಾಗಿಲು ತೆಗೆಯಲು ಬಂದರೆ ಒಳಗೊಬ್ಬ ಮೀಸೆಯವನು. ಈರಣ್ಣ ಸಂಗತಿ ಹೇಳಿದ. ಚೆನ್ನವೀರಪ್ಪನವರು ಗಡಿಯಾರ ನೋಡಿದರು. "ರಾಹುಕಾಲ ಬರ್ತಿದೆ. ಅಳಿಯಂದಿರು ಮುಂದೆ ಕೂರಲಿ. ಹೊರಡಿ."

ಹೀಗೆ ಮದುಮಗ ಮುಂದೆ, ಮದುಮಗಳು ಹಿಂದೆ, ಅವಳ ಪಕ್ಕದಲ್ಲಿ ಗಾದ್ರಿ. ಊರು ದಾಟಿದ್ದೇ ಧೂಳು ಎದ್ದಿತು, ಗಾಜಿಗೆ ಬಡಿದು ಹಿಂದೆ ಸರಿಯಿತು. ಪಂಕಜ ಸೆರಗು ಬಾಯಿಗಿಟ್ಟು ಅಳುತ್ತಿದ್ದವಳು, ಗಾಜು ಎತ್ತಿ ಹಿಡಿದೇ ಇದ್ದ ಆ ಕೈಗಳನ್ನು ನೋಡಿದಳು.

"ಕೈ ನೋಯ್ತಿಲ್ಲವೇನಣ್ಣ?"

"ನೋಯ್ತಿದೆ ಕಣಕ್ಕ. ನೋವಾದರೆ ಬಿಡು ಅಂತ ಸಾಬ್ರು ಹೇಳಿಲ್ಲ."

ಅಳುತ್ತಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಆಮೇಲೆ ದಾರಿಯುದ್ದಕ್ಕೂ ಅತ್ತದ್ದಿಲ್ಲ.

ಪರಶುರಾಂಪುರದಲ್ಲಿ ಕಾರು ನಿಲ್ಲೋ ಹೊತ್ತಿಗೆ ಮರೆತದ್ದು ನೆನಪಾಗಿ ದಸ್ತಗಿರಿ ಸಾಬರು ಮೊಪೆಡ್ ಮೇಲೆ ಏದುಸಿರು ಬಿಡುತ್ತಾ ಬಂದರು. "ಬಿಡಪ್ಪ, ಬಿಡು."

ಗಾದ್ರಿ ಬಿಟ್ಟ. ಗಾಜು ನಿಂತಲ್ಲೇ ನಿಂತಿತು. ಪಂಕಜ ಕೈ ಚಾಚಿ ಹ್ಯಾಂಡಲ್ ತಿರುಗಿಸಿದಳು. ಗಾಜು ಬೆಣ್ಣೆಯ ಹಾಗೆ ಇಳಿಯಿತು, ಬೆಣ್ಣೆಯ ಹಾಗೆ ಏರಿತು. ಹಿಂದಿನ ಗಾಡಿಯಲ್ಲಿ ಬಂದ ಚೆನ್ನವೀರಪ್ಪನವರು ಅದನ್ನು ನೋಡಿದರು. "ಮಾತು ಉಳಿಸಿಕೊಂಡಿರಿ ಸಾಬ್ರೆ," ಅಂದರು.

ಸಾಬರು ಗಾದ್ರಿಯ ಬೆನ್ನು ತಟ್ಟಿದರು. "ನೀನು ಕಾಯಂ ಕಣಪ್ಪ. ಈಗ ಇಳಿ. ಇದು ಮದುವೆ ಮನೆ, ದೊಡ್ಡೋರು ಹೇಳ್ದಂಗೆ ಕೇಳು. ತಿಳೀತಾ?"

"ತಿಳೀತು ಸಾಬ್ರೆ."

ಮೊದಲು ಇಳಿದವನು ಗಾದ್ರಿ. ಹೊಸ್ತಿಲಲ್ಲಿ ಆರತಿ ಹಿಡಿದು ನಿಂತಿದ್ದ ಮದುಮಗನ ಅಜ್ಜಿಗೆ ಕಣ್ಣು ಮಂಜು. ಮದುಮಗಳ ಪಕ್ಕದಿಂದ ಇಳಿದವನು ಮೊಮ್ಮಗನಲ್ಲದೆ ಇನ್ನಾರು? ಗಾದ್ರಿಗೆ ಆರತಿ ಬೆಳಗಿ, ಹಣೆಗೆ ಕುಂಕುಮ ಇಟ್ಟು, "ಬಲಗಾಲು ಒಳಗಿಡಪ್ಪ" ಅಂದಳು.

ಗಾದ್ರಿ ಬಲಗಾಲು ಒಳಗಿಟ್ಟ. ಎಡಗಾಲು ಹೊರಗಿತ್ತು. ಹಾಗೇ ನಿಂತ. ಹಿಂದೆ ಮದುಮಗ, ಅವನ ಹಿಂದೆ ಮದುಮಗಳು, ಅವಳ ಹಿಂದೆ ಬೀಗರ ಹಿಂಡು. ಪಕ್ಕಕ್ಕೆ ಸರಿ ಅಂದವರಿಗೆಲ್ಲ ಒಂದೇ ಉತ್ತರ: "ಅಜ್ಜಿ ಎಲ್ಲರಿಗಿಂತ ದೊಡ್ಡೋರು, ಇಷ್ಟೇ ಹೇಳಿದ್ದು."

ಮದುವೆ ಅಡುಗೆಗೆ ಬೆಳಗ್ಗೆಯೇ ಬಂದು ಆ ಮನೆಯಲ್ಲೇ ಹೋಳಿಗೆ ತಟ್ಟುತ್ತಿದ್ದ ಸೂರಮ್ಮ ಗದ್ದಲ ಕೇಳಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನೋಡಿದರೆ ತನ್ನ ಮಗ, ಹಣೆ ತುಂಬ ಕುಂಕುಮ.

"ಎಡಗಾಲೂ ಇಡೋ ನನ್ನಪ್ಪ," ಅಂದಳು.

ಗಾದ್ರಿ ಎಡಗಾಲನ್ನೂ ಇಟ್ಟ. ಎರಡೂ ಕಾಲು ಜೋಡಿಸಿ, ಬಾಗಿಲಿಗೆ ಬಾಗಿಲಾಗಿ ನಿಂತು, ಮುಂದೆ ಏನು ಅಂತ ಎಲ್ಲರ ಮುಖ ನೋಡಿದ. ಹೇಳಬೇಕಾದವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಹೊಸ ಗಂಡ ಹೆಂಡತಿ ಹಿತ್ತಿಲ ಬಾಗಿಲಿಂದ ಮನೆ ತುಂಬಿದರು.